ಎದುರಿನ ಕುರ್ಚಿಗೊಂದು ವೈನ್ ಸೀಸೆ

ಹೋಟೆಲಿಗೆ ಹೋಗುವಾಗ ಮನೆಯಿಂದ ಸೀಸೆ ಹೊತ್ತುಕೊಂಡು ಹೋಗುವ ಚಟ ನಮ್ಮ ವಂಶದಲ್ಲಿ ನನ್ನಿಂದ ಶುರುವಾದದ್ದಲ್ಲ. ಅದರ ಮೂಲಪುರುಷರು ನಮ್ಮ ತಂದೆ. ಅರಸೀಕೆರೆಯ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಅವರು ತಿಂಗಳಿಗೊಂದು ಭಾನುವಾರ ನನ್ನನ್ನು ಸ್ಟೇಷನ್ ಎದುರಿನ ಭಟ್ಟರ ಹೋಟೆಲಿಗೆ ದೋಸೆ ತಿನ್ನಿಸಲು ಕರೆದುಕೊಂಡು ಹೋಗುತ್ತಿದ್ದರು. ದೋಸೆ ಬಂದ ಮೇಲೆ ಅತ್ತಿತ್ತ ನೋಡದೆ, ಕೋಟಿನ ಜೇಬಿನಿಂದ ಕೆಮ್ಮಿನ ಔಷಧಿಯ ಹಳೇ ಸೀಸೆಯೊಂದನ್ನು ತೆಗೆದು, ಅದರಲ್ಲಿದ್ದ ಮನೆಯ ತುಪ್ಪವನ್ನು ಎರಡೂ ದೋಸೆಗಳ ಮೇಲೆ ಸುರಿಯುತ್ತಿದ್ದರು. ಚಳಿಗಾಲದಲ್ಲಿ ತುಪ್ಪ ಗಟ್ಟಿಯಾಗಿ ಸೀಸೆಯಿಂದ ಇಳಿಯುತ್ತಿರಲಿಲ್ಲ. ಆಗ ಬಿಸಿನೀರಿನ ಲೋಟ ತರಿಸಿ, ಸೀಸೆಯನ್ನು ಅದರೊಳಗೆ ನಿಲ್ಲಿಸಿ, ಕರಗುವ ತನಕ ಕೈಕಟ್ಟಿ ಕೂರುತ್ತಿದ್ದರು. ಇಡೀ ಹೋಟೆಲು ನಮ್ಮನ್ನೇ ನೋಡುತ್ತಿದೆ ಎಂದು ನನಗೆ ನಾಚಿಕೆ. ತಲೆಯೆತ್ತಿ ಫ್ಯಾನಿನ ರೆಕ್ಕೆಗಳನ್ನು ಎಣಿಸುತ್ತಿದ್ದೆ. ಇದ್ದದ್ದು ಮೂರೇ ರೆಕ್ಕೆ, ಎಷ್ಟು ಸಲ ಅಂತ ಎಣಿಸುವುದು.

“ಅಲ್ಲ ರಾಯರೇ, ನಮ್ಮ ತುಪ್ಪ ಎಂತ, ವಿಷವಾ?” ಎಂದು ಗಲ್ಲಾದಲ್ಲಿ ಕೂತಿದ್ದ ಭಟ್ಟರು ಒಂದು ದಿನ ಕೇಳಿಯೇಬಿಟ್ಟರು.

“ವಿಷ ಅಂತ ಯಾರಂದ್ರು ಭಟ್ರೇ? ಆದ್ರೆ ತುಪ್ಪಾನೂ ಅಲ್ಲ,” ಎಂದರು ತಂದೆ.

ಭಟ್ಟರು ಹೊಟ್ಟೆ ಕುಲುಕಿಸಿ ನಕ್ಕರು. ಅಂದಿನಿಂದ ಬಿಸಿನೀರಿನ ಲೋಟ ನಾವು ಕೇಳುವ ಮೊದಲೇ ಮೇಜಿಗೆ ಬರತೊಡಗಿತು.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಟೊರೊಂಟೊದಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರುತ್ತಾ ಒಂದು ಹೋಟೆಲಿನ ಕಿಟಕಿಯಲ್ಲಿ ‘ನಿಮ್ಮ ವೈನು ನೀವೇ ತನ್ನಿ’ ಎಂಬ ಇಂಗ್ಲಿಷ್ ಬೋರ್ಡು ನೋಡಿದೆ. ಕಣ್ಣಿಗೆ ಬಿಟ್ಟ ಹನಿಗಳಿಂದಾಗಿ ಎದುರಿಗೆ ನಿಂತ ಬಸ್ಸಿನ ನಂಬರು ಕಾಣುತ್ತಿರಲಿಲ್ಲ, ಈ ಬೋರ್ಡು ಮಾತ್ರ ಕಂಡಿತು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾನಿರುವ ಒಂಟಾರಿಯೊ ಪ್ರಾಂತ್ಯದಲ್ಲಿ ಮೊದಲೆಲ್ಲ ಹೋಟೆಲಿನವರು ಕೊಟ್ಟ ವೈನನ್ನೇ ಕುಡಿಯಬೇಕಿತ್ತು. 2005ರಲ್ಲಿ ಕಾನೂನು ಬದಲಾಗಿ, ಇದಕ್ಕೆ ಒಪ್ಪಿದ ಹೋಟೆಲುಗಳಿಗೆ ಗಿರಾಕಿಗಳು ತಮ್ಮದೇ ಸೀಸೆ ಒಯ್ಯಬಹುದು ಎಂದಾಯಿತು. ಅದು ಅಂಗಡಿಯಲ್ಲಿ ಕೊಂಡದ್ದಾಗಿರಬೇಕು, ಬಿರಡೆ ತೆಗೆದಿರಬಾರದು, ಮನೆಯಲ್ಲಿ ಮಾಡಿದ್ದು ನಡೆಯುವುದಿಲ್ಲ. ಬಿರಡೆ ತೆಗೆದು ಗ್ಲಾಸಿಗೆ ಬಗ್ಗಿಸಿ ಕೊಡುವುದಕ್ಕೆ ಹೋಟೆಲಿನವರು ಒಂದಿಷ್ಟು ಚಾರ್ಜು ಹಾಕುತ್ತಾರೆ. ಪೇಪರಿನಲ್ಲಿ ಇದನ್ನು ಓದಿದ ದಿನ ನಮ್ಮ ತಂದೆಯ ಪರವಾಗಿ ನಾನು ಹೆಮ್ಮೆಪಟ್ಟೆ. ಭಟ್ಟರು ಬಿಸಿನೀರಿಗೆ ಏನೂ ಚಾರ್ಜು ಹಾಕುತ್ತಿರಲಿಲ್ಲ ಎಂಬುದೂ ನೆನಪಾಯಿತು.

ನಾನು ವೈನು ಕುಡಿಯುವವನಲ್ಲ. ಸದ್ಗುಣ ಅಂತೇನಲ್ಲ, ಕುಡಿದರೆ ಅಮ್ಮನಿಗೆ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ. ಅಮ್ಮ ತೀರಿಕೊಂಡು ಆಗಲೇ ಹನ್ನೆರಡು ವರ್ಷವಾಗಿತ್ತು. ಹೀಗಿದ್ದೂ ಎರಡು ವರ್ಷ, ಪ್ರತಿ ಗುರುವಾರ, ಒಂದು ಸೀಸೆ ಕೆಂಪು ವೈನನ್ನು ಕಂಕುಳಲ್ಲಿಟ್ಟುಕೊಂಡು ಟೊರೊಂಟೊ ಪಕ್ಕದ ಊರಾದ ವಾನ್‌ನ ಒಂದು ಇಟಾಲಿಯನ್ ಹೋಟೆಲಿಗೆ ಹೋಗಿ ಬಂದೆ. ಗುರುವಾರಕ್ಕೊಂದು ಸೀಸೆಯಲ್ಲ. ಎರಡು ವರ್ಷವೂ ಒಂದೇ ಸೀಸೆ. ಅದು ಹೇಗೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಸ್ವಲ್ಪ ಹಿಂದಕ್ಕೆ ಬರಬೇಕು.

ನಾನು, ಹೆಂಡತಿ ವತ್ಸಲಾ, ಹತ್ತು ವರ್ಷದ ಮಗಳು, ಹೀಗೆ ನಾವು ಮೂವರು ತೊಂಬತ್ತರ ದಶಕದ ಶುರುವಿನಲ್ಲಿ ಬೆಂಗಳೂರಿನಿಂದ ಇಲ್ಲಿಗೆ ಬಂದೆವು. ವಾನ್‌ನ ಒಂದು ಕಾರ್ಖಾನೆಯಲ್ಲಿ ಬಿಸ್ಕತ್ತು ಪೊಟ್ಟಣ ಕಟ್ಟುವ ಯಂತ್ರಗಳ ಡಿಸೈನು ಮಾಡುವುದು ನನ್ನ ಕೆಲಸ. ಆಗ ಕನ್ನಡದ ಮನೆಗಳು ಕಡಿಮೆ. ಯುಗಾದಿಗೆ, ದೀಪಾವಳಿಗೆ ಯಾವುದಾದರೂ ಶಾಲೆಯ ಜಿಮ್ ಬಾಡಿಗೆಗೆ ಹಿಡಿದು, ಮನೆಗೊಂದು ಅಡಿಗೆಯಂತೆ ತಂದು, ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಸಾಲಾಗಿ ಇಟ್ಟು ಊಟ ಮಾಡುತ್ತಿದ್ದೆವು. ಯಾರು ಏನು ತರಬೇಕೆಂದು ಹಂಚುವ ಅಧಿಕಾರ ಸರೋಜಮ್ಮನವರದು. ಎಪ್ಪತ್ತರ ದಶಕದಲ್ಲೇ ಬಂದು ನೆಲೆಸಿದ ಡಾಕ್ಟರೊಬ್ಬರ ಹೆಂಡತಿ ಅವರು. ಹಬ್ಬಕ್ಕೆ ಹದಿನೈದು ದಿನ ಮೊದಲು ಅವರ ಫೋನು ಬಂದರೆ ನಿಮ್ಮ ಸ್ಥಾನಮಾನ ನಿಮಗೆ ತಿಳಿಯುತ್ತಿತ್ತು. ಬಿಸಿಬೇಳೆಬಾತು, ಮಜ್ಜಿಗೆಹುಳಿ ಎಲ್ಲಕ್ಕಿಂತ ಮೇಲೆ. ಕೋಸಂಬರಿ, ಚಿತ್ರಾನ್ನ ಮಧ್ಯಮ ವರ್ಗ. ಕಟ್ಟಕಡೆಗೆ ಪೇಪರ್ ಪ್ಲೇಟು ಮತ್ತು ಜ್ಯೂಸು. ಅದು ಓದುವ ಹುಡುಗರಿಗೆ, ಮದುವೆಯಾಗದವರಿಗೆ ಮೀಸಲು.

ವತ್ಸಲಾ ಬಂದ ಎರಡನೇ ವರ್ಷಕ್ಕೇ ಬಿಸಿಬೇಳೆಬಾತಿಗೆ ಬಡ್ತಿ ಪಡೆದಳು. ದೊಡ್ಡ ಪಾತ್ರೆಯನ್ನು ಟವೆಲು ಸುತ್ತಿ ಕಾರಿನಿಂದ ಜಿಮ್‌ಗೆ ಹೊರುವುದು ನನ್ನ ಪಾಲು. ಹತ್ತು ವರ್ಷ ಹೊತ್ತೆ. ಪಾತ್ರೆ ಹೊತ್ತವನನ್ನೂ ಜನ ಬಿಸಿಬೇಳೆಬಾತಿನವರು ಎಂದೇ ಗುರುತಿಸುತ್ತಿದ್ದರು. ನಾನೂ ಹಾಗೆಯೇ ನಂಬಿಕೊಂಡಿದ್ದೆ.

ಮಗಳು ಓದು ಮುಗಿಸಿ ವ್ಯಾಂಕೂವರಿಗೆ ಕೆಲಸಕ್ಕೆ ಹೋದ ವರ್ಷ ವತ್ಸಲಾ ಮತ್ತು ನಾನು ಬೇರೆಯಾದೆವು. ದೊಡ್ಡ ಜಗಳವೇನೂ ಆಗಲಿಲ್ಲ. ಆಗಿದ್ದರೆ ಹೇಳಿಕೊಳ್ಳಲು ಒಂದು ಕಥೆಯಾದರೂ ಇರುತ್ತಿತ್ತು. ಒಂದು ಸಂಜೆ ಊಟದ ಮಧ್ಯೆ, “ನಾನಿನ್ನು ಬೇರೆ ಇರ್ತೀನಿ,” ಎಂದಳು. ನಾನು ಎಂದಿನಂತೆ ಪೇಪರು ಓದುತ್ತಾ ಊಟ ಮಾಡುತ್ತಿದ್ದೆ. “ಹೂಂ,” ಎಂದೆ. ಅವಳು ಏನು ಹೇಳಿದಳೆಂದು ನನ್ನ ತಲೆಗೆ ಹೋದದ್ದು ಸಾರನ್ನ ಮುಗಿದು ಮಜ್ಜಿಗೆಗೆ ಬಂದಾಗ. ಅಷ್ಟರಲ್ಲಿ ಅವಳು ತಟ್ಟೆ ತೊಳೆದಿಟ್ಟು ಮಹಡಿಗೆ ಹೋಗಿದ್ದಳು. ಆಮೇಲೆ ಮನೆ ಮಾರಿದೆವು. ಅವಳು ತನ್ನ ಆಫೀಸಿಗೆ ಹತ್ತಿರವೆಂದು ಯೂನಿಯನ್‌ವಿಲ್‌ನಲ್ಲಿ ಮನೆ ಮಾಡಿದಳು. ನಾನು ಜಾರ್ಜ್‌ಟೌನಿನಲ್ಲಿ ಒಂದು ಕೋಣೆಯ ಅಪಾರ್ಟ್‌ಮೆಂಟು ಹಿಡಿದೆ.

ಆ ವರ್ಷದ ದೀಪಾವಳಿಗೆ ಸರೋಜಮ್ಮನವರ ಫೋನು ಬಂತು. ಅವರ ದನಿಯಲ್ಲಿ ಅಷ್ಟು ಅಕ್ಕರೆಯನ್ನು ನಾನು ಹಿಂದೆ ಕೇಳಿರಲಿಲ್ಲ.

“ನೀವು ಈ ಸಲ ಪೇಪರ್ ಪ್ಲೇಟು, ಜ್ಯೂಸು ತಂದ್ಬಿಡಿ, ಸಾಕು. ಅಡಿಗೆ ಗಿಡಿಗೆ ಅಂತ ಯಾಕೆ ನಿಮಗೆ ತಾಪತ್ರಯ?”

ಹೇಳಿದಂತೆ ಒಯ್ದೆ. ಮೀಸೆಯೆಲ್ಲ ನರೆತ ನಾನು ಕಾಲೇಜು ಹುಡುಗರ ಪಕ್ಕದಲ್ಲಿ ನಿಂತು ಪ್ಲೇಟುಗಳ ಕಟ್ಟು ಬಿಚ್ಚಿದೆ. ವತ್ಸಲಾ ಬಂದಿರಲಿಲ್ಲ, ಎಲ್ಲರೂ ಅವಳ ಬಗ್ಗೆ ನನ್ನ ಹತ್ತಿರ ಕೇಳದೆ ಇರಲು ತುಂಬಾ ಕಷ್ಟಪಡುತ್ತಿದ್ದರು. ಮುಂದಿನ ಯುಗಾದಿಗೆ ನನಗೆ ರೋಷ ಬಂತು. ಹೇಳದೆ ಕೇಳದೆ ಒಂದು ದೊಡ್ಡ ಟ್ರೇ ಪುಳಿಯೋಗರೆ ನಾನೇ ಕಲೆಸಿಕೊಂಡು ಹೋದೆ. “ಯಾರು ಮಾಡಿದ್ದು?” ಎಂದರು. “ನಾನೇ,” ಎಂದೆ. “ಅಯ್ಯೋ ಪಾಪ, ಚೆನ್ನಾಗಿರುತ್ತೆ ಬಿಡಿ,” ಎನ್ನುತ್ತಾ ಪ್ರತಿಯೊಬ್ಬರೂ ಒಂದೊಂದು ಟೀ ಚಮಚದಷ್ಟು ಬಡಿಸಿಕೊಂಡರು. ಪುಳಿಯೋಗರೆ ನನ್ನ ಜೊತೆಯೇ ಮನೆಗೆ ವಾಪಸು ಬಂತು. ನಾಲ್ಕು ದಿನ ತಿಂದೆ. ಆಮೇಲೆ ನಾನು ಹೋಗುವುದನ್ನು ಬಿಟ್ಟೆ, ಅವರೂ ಕರೆಯುವುದನ್ನು ಬಿಟ್ಟರು. ಯಾರದೂ ತಪ್ಪಿಲ್ಲ.

ಹೀಗೆ ನಾನು ಹೋಟೆಲುಗಳ ದಾರಿ ಹಿಡಿದೆ. ಈ ದೇಶದಲ್ಲಿ ಒಬ್ಬನೇ ಹೋಟೆಲಿಗೆ ಹೋಗಿ ನೋಡಿ. ಬಾಗಿಲಲ್ಲಿ ನಿಂತ ಹುಡುಗಿ ನಿಮ್ಮನ್ನೊಮ್ಮೆ, ನಿಮ್ಮ ಬೆನ್ನ ಹಿಂದಿನ ಬರಿದನ್ನೊಮ್ಮೆ ನೋಡಿ “ಜಸ್ಟ್ ಒನ್?” ಎನ್ನುತ್ತಾಳೆ. ಒನ್ ಎಂದಿದ್ದರೆ ಸಾಲದೇ? ಬರೀ ಒಬ್ಬರಾ ಎಂದು ಕೇಳಿದ ಹಾಗೆ. ಆಮೇಲೆ ಅಡಿಗೆಮನೆಯ ಬಾಗಿಲಿಗೋ ಬಚ್ಚಲಿನ ಬಾಗಿಲಿಗೋ ಅಂಟಿದ ಮೇಜಿಗೆ ಕರೆದೊಯ್ದು, ನಿಮ್ಮ ಎದುರಿಗೆ ಜೋಡಿಸಿಟ್ಟ ಇನ್ನೊಂದು ತಟ್ಟೆ, ಇನ್ನೊಂದು ಚಮಚ, ಇನ್ನೊಂದು ಗ್ಲಾಸನ್ನು ಎತ್ತಿಕೊಂಡು ಹೋಗುತ್ತಾಳೆ. ನನ್ನ ಜೀವ ಹಿಂಡುತ್ತಿದ್ದದ್ದು ಅದು. ಒಬ್ಬನೇ ಇರುವುದು ಅಭ್ಯಾಸವಾಗಿತ್ತು. ಒಬ್ಬನೇ ಇದ್ದೇನೆಂದು ನಾಲ್ಕು ಜನಕ್ಕೆ ಕಾಣುವುದು ಅಭ್ಯಾಸವಾಗಲಿಲ್ಲ. ಎದುರಿನ ಕುರ್ಚಿಗೆ ಯಾರಾದರೂ ಬಂದು ಕೂತರೆ ಸಾಕು, ಮಾತಾಡದಿದ್ದರೂ ಪರವಾಗಿಲ್ಲ ಎಂದು ನನಗೆ ಅನಿಸುತ್ತಿತ್ತು. ವಾರದ ಕೊನೆಯಲ್ಲಿ ಹೋಟೆಲು ತುಂಬಾ ಸಂಸಾರಗಳು, ಶುಕ್ರವಾರ ಜೋಡಿಗಳು. ನನ್ನಂಥವರಿಗೆ ಗುರುವಾರ ಕ್ಷೇಮ ಎಂದು ಲೆಕ್ಕ ಹಾಕಿಕೊಂಡೆ.

ಇನ್ನು ಸೀಸೆಯ ವಿಚಾರ. ನಮ್ಮ ಕಾರ್ಖಾನೆಗೆ ಬೆಲ್ಟು ಸರಬರಾಜು ಮಾಡುವವನು ಕ್ರಿಸ್‌ಮಸ್ಸಿಗೆ ಕೊಟ್ಟದ್ದು ಅದು. ಒಲೆಯ ಮೇಲಿನ ಕಪಾಟಿನಲ್ಲಿ ಹಳೇ ಹುಣಸೆಹಣ್ಣಿನ ಭರಣಿಯ ಪಕ್ಕ ಇಟ್ಟಿದ್ದೆ. ಕುಡಿಯುವ ಸಹೋದ್ಯೋಗಿಯೊಬ್ಬನಿಗೆ ದಾಟಿಸೋಣವೆಂದು ಒಂದು ಗುರುವಾರ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಹೋದರೆ ಅವನು ರಜೆ. ಸಂಜೆ ಆರು ಗಂಟೆಗೆ ವಾಪಸು ಬರುವಾಗ ಪುಟ್ಟದೊಂದು ಹೋಟೆಲಿನ ಕಿಟಕಿಯಲ್ಲಿ ಆ ಬೋರ್ಡು ಕಂಡಿತು. ತಂದೆಯ ರಕ್ತ ಮೈಯಲ್ಲಿ ಹರಿಯುತ್ತಿತ್ತಲ್ಲ, ಸೀಸೆ ಎತ್ತಿಕೊಂಡು ಒಳಗೆ ಹೋದೆ.

ಹೋಟೆಲಿನ ಯಜಮಾನಿ ಅಸುಂತಾ ಎಂಬಾಕೆ. ಅರವತ್ತು ದಾಟಿದ ಇಟಲಿಯ ಹೆಂಗಸು. ನಾನು ಮನಸ್ಸಿನಲ್ಲಿ ಅಸುಂತಮ್ಮ ಎಂದೇ ಕರೆಯುತ್ತಿದ್ದೆ. ನಾವಿಬ್ಬರೂ ಇಂಗ್ಲಿಷನ್ನು ಎರವಲು ತಂದ ಪಾತ್ರೆಯಂತೆ ಜೋಪಾನವಾಗಿ ಬಳಸುವವರು, ಹಾಗಾಗಿ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅಸುಂತಮ್ಮ ನನ್ನ ಬೆನ್ನ ಹಿಂದೆ ನೋಡಲಿಲ್ಲ, ಸೀಸೆ ನೋಡಿದರು. “ಇಬ್ಬರಿಗಲ್ಲವೇ?” ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಕಿಟಕಿಯ ಪಕ್ಕದ ಮೇಜು, ಬಿಳಿ ಬಟ್ಟೆ, ಬ್ರೆಡ್ಡಿನ ಬುಟ್ಟಿ, ಎರಡು ತಟ್ಟೆ, ಉದ್ದ ಕಾಲಿನ ಎರಡು ಗ್ಲಾಸು. ಅವನ್ನು ಯಾರೂ ಎತ್ತಿಕೊಂಡು ಹೋಗಲಿಲ್ಲ.

“ತೆರೆಯಲೇ?” ಎಂದು ಕೇಳಿದರು.

“ಸ್ವಲ್ಪ ತಡೀರಿ. ನನ್ನ ಫ್ರೆಂಡು ಬರಬೇಕು.”

ಅರ್ಧ ಗಂಟೆ ಬಿಟ್ಟು, ಮೊಬೈಲನ್ನು ತೆಗೆದು ಸುಮ್ಮನೆ ಒಂದೆರಡು ಗುಂಡಿ ಒತ್ತಿ, ಹುಬ್ಬು ಗಂಟಿಕ್ಕಿ, “ಬರುವುದಿಲ್ಲವಂತೆ,” ಎಂದೆ. ಅಸುಂತಮ್ಮ ಲೊಚಗುಟ್ಟಿದರು. ಬದನೆಕಾಯಿ ಹಾಕಿದ ಪಾಸ್ತಾ ತಂದುಕೊಟ್ಟು, ಅದರ ಮೇಲೆ ನಾನು ಮೆಣಸಿನಕಾಯಿ ಚೂರು ಸುರಿದುಕೊಳ್ಳುವುದನ್ನು ಕಂಡು ಇನ್ನಷ್ಟು ಕನಿಕರಪಟ್ಟರು. ನಾನೋ, ಒಂದು ವರ್ಷದಲ್ಲಿ ಅಷ್ಟು ನೆಮ್ಮದಿಯಾಗಿ ಊಟ ಮಾಡಿರಲಿಲ್ಲ. ಬಿರಡೆ ತೆಗೆಯದ ಸೀಸೆಯನ್ನು ಮತ್ತೆ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ. ಮುಂದಿನ ಗುರುವಾರವೂ ಅದನ್ನೇ ಒಯ್ದೆ.

ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಕಷ್ಟ. ನಾಲ್ಕನೇ ವಾರಕ್ಕೆ ಅಸುಂತಮ್ಮ ನಿಮ್ಮ ಫ್ರೆಂಡಿಗೆ ಏನು ಕೆಲಸ ಎಂದು ಕೇಳಿದರು. ಶಿಫ್ಟಿನ ಕೆಲಸ ಎಂದೆ. “ನರ್ಸಾ?” ಎಂದು ಅವರೇ ಹಾದಿ ತೋರಿಸಿದರು. ಹೌದೆಂದುಬಿಟ್ಟೆ. ಅಲ್ಲಿಗೆ ನನ್ನ ಫ್ರೆಂಡು ಹೆಂಗಸಾದಳು, ನರ್ಸಾದಳು, ಯಾವಾಗಲೂ ಡ್ಯೂಟಿಯಲ್ಲಿ ಸಿಕ್ಕಿಬೀಳುವ ಪಾಪದವಳಾದಳು. ಆಸ್ಪತ್ರೆಯಲ್ಲಿ ಅವಳು ಏನು ತಿಂದಳೋ ಏನೋ ಎಂದು ಅಸುಂತಮ್ಮ ಅವಳಿಗೂ ಒಂದು ಪೊಟ್ಟಣ ಕಟ್ಟಿ ಕೊಡತೊಡಗಿದರು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಶುಕ್ರವಾರ ಮಧ್ಯಾಹ್ನ ಕಾರ್ಖಾನೆಯಲ್ಲಿ ಆ ಪೊಟ್ಟಣ ಬಿಸಿ ಮಾಡಿ ತಿನ್ನುವಾಗ, ಇಲ್ಲದವಳ ಪಾಲನ್ನು ಕದ್ದು ತಿನ್ನುತ್ತಿದ್ದೇನೆ ಎಂದು ಅಳುಕಾಗುತ್ತಿತ್ತು. ಒಂದೊಂದು ಗುರುವಾರ ಎದುರಿನ ಕುರ್ಚಿಯನ್ನು ನೋಡುತ್ತಾ ಕೂತರೆ ಅವಳು ಬಂದರೂ ಬರಬಹುದು ಎನಿಸುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ನನ್ನ ಕತ್ತು ತಾನಾಗಿ ತಿರುಗುತ್ತಿತ್ತು. ನಗಬೇಡಿ, ಒಂಟಿಯಾಗಿದ್ದವರಿಗೆ ಗೊತ್ತು.

ಸೀಸೆಯ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಹಳೇ ಅಕ್ಕಿ, ಹಳೇ ಬೆಲ್ಲ, ಹಳೇ ಹುಣಸೆಹಣ್ಣು ಎಂದರೆ ಬೆಲೆ ಜಾಸ್ತಿ ಎಂದು ಕೇಳಿ ಬೆಳೆದವನು ನಾನು. ವೈನೂ ಅದೇ ಜಾತಿ, ಇಟ್ಟಷ್ಟೂ ರುಚಿ ಎಂದು ತಿಳಿದಿದ್ದೆ. ಆರು ದಿನ ಒಲೆಯ ಮೇಲಿನ ಕಪಾಟಿನಲ್ಲಿ, ಏಳನೇ ದಿನ ಡಿಕ್ಕಿಯಲ್ಲಿ. ಜನವರಿಯ ಒಂದು ಗುರುವಾರ ಸಂಜೆ ಡಿಕ್ಕಿ ತೆಗೆದರೆ ವೈನು ಹೆಪ್ಪುಗಟ್ಟಿ, ಬಿರಡೆ ಅರ್ಧ ಇಂಚು ಮೇಲೆದ್ದು, ಮೇಲಿನ ಹೊದಿಕೆ ಹರಿದಿತ್ತು. ಮನೆಗೆ ಒಯ್ದು, ಬಿಸಿನೀರಿನ ಬೋಗುಣಿಯಲ್ಲಿ ನಿಲ್ಲಿಸಿ ಕರಗಿಸಿ, ಬಿರಡೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ಮೇಲೆ ಅಚ್ಚುಕಟ್ಟಾಗಿ ಟೇಪು ಸುತ್ತಿದೆ. ಪ್ಯಾಕಿಂಗ್ ಎಂಜಿನಿಯರನಾಗಿ ಅಷ್ಟೂ ಬರದಿದ್ದರೆ ಹೇಗೆ.

ಎರಡು ವರ್ಷ ಹೀಗೇ ಹೋಯಿತು. ಏಪ್ರಿಲ್ ತಿಂಗಳ ಒಂದು ಸೋಮವಾರ ಮನೆಯ ಫೋನು ಬಡಿದುಕೊಂಡಿತು.

“ನಾನು,” ಎಂದಳು ವತ್ಸಲಾ. ಬೇರೆಯಾದ ಮೇಲೆ ಮಗಳ ಕೆಲಸಕ್ಕೆಂದು ಒಂದೆರಡು ಸಲ ಮಾತಾಡಿದ್ದೆವು ಅಷ್ಟೇ. “ಒಂದು ವಿಷಯ ಹೇಳ್ಬೇಕಿತ್ತು. ಫೋನಲ್ಲಿ ಬೇಡ. ಗುರುವಾರ ವಾನ್ ಕಡೆ ಕೆಲಸ ಇದೆ ನಂಗೆ, ಸಾಯಂಕಾಲ ಎಲ್ಲಾದ್ರೂ ಊಟಕ್ಕೆ ಸಿಗೋಣ್ವಾ?”

ನನ್ನ ಬಾಯಿಗೆ ಬಂದದ್ದು ಆ ಒಂದೇ ಹೋಟೆಲಿನ ಹೆಸರು. ಫೋನು ಇಟ್ಟ ಮೇಲೆ ನರ್ಸು ನೆನಪಾದಳು. ಮತ್ತೆ ಫೋನು ಮಾಡಿ ಬೇರೆ ಜಾಗ ಹೇಳಬಹುದಿತ್ತು. ಆದರೆ, ಹೋಗಲಿ ಬಿಡಿ ಇನ್ನೊಂದು ದಿನ ನೋಡೋಣ ಎಂದು ಅವಳು ಅಂದುಬಿಟ್ಟರೆ? ಮೂರು ದಿನ ನಿದ್ದೆ ಬರಲಿಲ್ಲ. ಗುರುವಾರ ಬೆಳಿಗ್ಗೆ ಎರಡು ಅಂಗಿ ಇಸ್ತ್ರಿ ಮಾಡಿ, ಮೂರನೆಯದನ್ನು ಹಾಕಿಕೊಂಡು ಹೋದೆ.

ನಾನು ಹೋಗಿ ಕೂತು ಹತ್ತು ನಿಮಿಷಕ್ಕೆ ವತ್ಸಲಾ ಬಂದಳು. ಕೂದಲು ಗಿಡ್ಡ ಮಾಡಿಸಿದ್ದಳು, ಹೊಸ ಕನ್ನಡಕ. ಸೀದಾ ಬಂದು ಎದುರಿನ ಕುರ್ಚಿ ಎಳೆದುಕೊಂಡು ಕೂತಳು. “ಪಾರ್ಕಿಂಗೇ ಇಲ್ವಲ್ರೀ ಇಲ್ಲಿ, ಮೂರು ರೌಂಡ್ ಹೊಡೆದೆ,” ಎಂದಳು. ಅಷ್ಟರಲ್ಲಿ ಅಡಿಗೆಮನೆಯಿಂದ ಹೊರಗೆ ಬಂದ ಅಸುಂತಮ್ಮ ಅವಳನ್ನು ಕಂಡು ಕೈಯಲ್ಲಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಓಡಿಬಂದರು. ವತ್ಸಲಾಳ ಎರಡೂ ಕೈ ಹಿಡಿದುಕೊಂಡರು.

“ನರ್ಸಮ್ಮ! ಅಂತೂ ಇಂತೂ ರಜೆ ಕೊಟ್ಟರಾ ನಿಮಗೆ?”

ವತ್ಸಲಾ ನನ್ನನ್ನು ನೋಡಿದಳು. ಅವಳು ಲೆಕ್ಕಪತ್ರದ ಕೆಲಸದವಳು, ಸೂಜಿ ಕಂಡರೆ ಹೆದರಿಕೊಳ್ಳುವವಳು. ನಾನು ಬ್ರೆಡ್ಡಿನ ಬುಟ್ಟಿ ನೋಡಿದೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

“ಕೊಟ್ಟರು,” ಎಂದಳು ವತ್ಸಲಾ ಇಂಗ್ಲಿಷಿನಲ್ಲಿ, ನಿಧಾನವಾಗಿ. “ತುಂಬಾ ಶಿಫ್ಟು. ನಿಮ್ಮನ್ನೂ ಕಾಯಿಸಿಬಿಟ್ಟೆ, ಬೇಜಾರು ಮಾಡ್ಕೋಬೇಡಿ.”

“ನನ್ನನ್ನಲ್ಲ, ಇವರನ್ನು ಕಾಯಿಸಿದಿರಿ. ಎರಡು ವರ್ಷ! ಈ ಮನುಷ್ಯ ತಟ್ಟೆ ನೋಡಿಕೊಂಡು ಊಟ ಮಾಡಿದ್ದನ್ನು ನಾನು ಕಂಡಿಲ್ಲ. ಒಂದೋ ಬಾಗಿಲು ನೋಡುತ್ತಾರೆ, ಇಲ್ಲ ನಿಮ್ಮ ಈ ಕುರ್ಚಿ ನೋಡುತ್ತಾರೆ,” ಎಂದು ಅಸುಂತಮ್ಮ ಸೀಸೆ ತೆರೆಯುವ ತಿರುಪು ತರಲು ಹೋದರು.

“ನಾನು ಎಷ್ಟು ದಿನದಿಂದ ನರ್ಸು?” ಎಂದಳು ವತ್ಸಲಾ ಕನ್ನಡದಲ್ಲಿ.

“ಎರಡು ವರ್ಷ.”

“ಯಾವ ಆಸ್ಪತ್ರೆ?”

“ಅದಿನ್ನೂ ಹೇಳಿಲ್ಲ.”

“ಸದ್ಯ,” ಎಂದಳು.

ಬಿರಡೆ ತೆಗೆಯಲು ತಿರುಪು ಬೇಕಾಗಲಿಲ್ಲ, ಟೇಪು ಬಿಚ್ಚಿದ್ದೇ ತಡ ಕೈಗೇ ಬಂತು. ಅಸುಂತಮ್ಮ ಸೀಸೆಯನ್ನು ವಿಚಿತ್ರವಾಗಿ ನೋಡಿದರೂ ಅಷ್ಟರಲ್ಲಿ ಇನ್ನೊಂದು ಮೇಜಿನವರು ಕೂಗಿದ್ದರಿಂದ ಎರಡೂ ಗ್ಲಾಸಿಗೆ ಬಗ್ಗಿಸಿ ಓಡಿದರು. ವತ್ಸಲಾಳೂ ಹುಟ್ಟಿದಾಗಿನಿಂದ ವೈನು ಕುಡಿದವಳಲ್ಲ. ಇಬ್ಬರೂ ಔಷಧಿ ಕುಡಿಯುವವರಂತೆ ಒಂದೊಂದು ಗುಟುಕು ಕುಡಿದೆವು.

“ಇದಕ್ಕಾ ಇವರೆಲ್ಲ ಇಷ್ಟು ಸಾಯೋದು?” ಎಂದು ವತ್ಸಲಾ ಮುಖ ಹಿಂಡಿದಳು. “ಹಲ್ಲೆಲ್ಲ ಚುಳುಕ್ ಅಂತು.”

“ಮೊದಲನೇ ಸಲ ಹಾಗೇ ಅಂತೆ. ಆಮೇಲೆ ರುಚಿ ಹತ್ತುತ್ತಂತೆ,” ಎಂದೆ ನಾನು ದೊಡ್ಡ ತಜ್ಞನ ಹಾಗೆ.

ಮರ್ಯಾದೆಗೆ ಅಂಜಿ ಅರ್ಧರ್ಧ ಗ್ಲಾಸು ಮುಗಿಸಿದೆವು. ಅಸುಂತಮ್ಮ ವಾಪಸು ಬಂದವರು ಸೀಸೆಯ ಬಾಯಿಗೆ ಮೂಗು ಹಿಡಿದು, ಇಟಾಲಿಯನ್ನಿನಲ್ಲಿ ಏನೋ ಕೂಗಿ, ನಮ್ಮ ಕೈಯಿಂದ ಗ್ಲಾಸು ಕಿತ್ತುಕೊಂಡರು. “ಇದು ವೈನಲ್ಲ, ಸಲಾಡಿಗೆ ಹಾಕುವ ವಿನೆಗರು! ನರ್ಸಮ್ಮ, ನೀವು ಬರುವುದು ಎಷ್ಟು ತಡವಾಯಿತು ನೋಡಿ,” ಎಂದರು. ವತ್ಸಲಾ ನಗಲು ಶುರು ಮಾಡಿದಳು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವಳ ಜೊತೆ ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ. ಅವಳು ನಗುವಾಗ ಎಡಗೆನ್ನೆಯಲ್ಲಿ ಒಂದು ಗೆರೆ ಬೀಳುತ್ತದೆ ಎಂಬುದನ್ನು ಅವತ್ತು ಹೊಸದಾಗಿ ಕಂಡೆ.

ನಗು ನಿಂತ ಮೇಲೆ ಕನ್ನಡಕ ಒರೆಸಿಕೊಳ್ಳುತ್ತಾ ಅವಳು ಬಂದ ವಿಷಯ ಹೇಳಿದಳು. ಆಗಸ್ಟಿನಲ್ಲಿ ಮಗಳ ಹೆರಿಗೆ. ಅದು ನನಗೂ ಗೊತ್ತಿತ್ತು, ಮಗಳು ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದಳು. ಗೊತ್ತಿಲ್ಲದೆ ಇದ್ದದ್ದು ಮುಂದಿನದು.

“ನಾನು ವ್ಯಾಂಕೂವರಿಗೆ ಹೊರಟೆ. ಬಾಣಂತನಕ್ಕೆ ಮಾತ್ರ ಅಲ್ಲ, ಪರ್ಮನೆಂಟಾಗಿ. ಆಫೀಸಲ್ಲಿ ಟ್ರಾನ್ಸ್‌ಫರ್ ಕೊಟ್ಟಿದ್ದಾರೆ. ಭಾನುವಾರ ಫ್ಲೈಟು.”

“ಒಳ್ಳೇದಾಯ್ತು,” ಎಂದೆ. “ಅಲ್ಲಿ ಸ್ನೋ ಇರಲ್ಲ.”

ನನಗೆ ಹೇಳಬೇಕಾಗಿದ್ದದ್ದು ಹೋಗಬೇಡ ಎಂದು. ನಾಲ್ಕೇ ಅಕ್ಷರ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಮನಸ್ಸಿನಲ್ಲಿದ್ದದ್ದನ್ನು ಮನಸ್ಸಿನಲ್ಲೇ ಇಟ್ಟು ಅಭ್ಯಾಸವಾದವನು ಹವಾಮಾನ ಮಾತಾಡಿದೆ. ಯೂನಿಯನ್‌ವಿಲ್ ಎಂದರೆ ಮುಕ್ಕಾಲು ಗಂಟೆಯ ದಾರಿ. ನಾನು ಒಂದು ದಿನವೂ ಆ ಕಡೆಗೆ ಕಾರು ತಿರುಗಿಸಿರಲಿಲ್ಲ. ಆದರೂ ಅವಳು ಅಲ್ಲಿದ್ದಾಳೆ ಎಂಬ ಧೈರ್ಯದ ಮೇಲೆಯೇ ನಾನು ಇಷ್ಟು ದಿನ ಒಂಟಿಯಾಗಿದ್ದೆ ಎಂದು ಆ ಕ್ಷಣಕ್ಕೆ ಗೊತ್ತಾಯಿತು.

ಊಟ ಮುಗಿಯಿತು. ಅವಳು ಕೋಟು ಹಾಕಿಕೊಳ್ಳುತ್ತಾ ಸ್ವಲ್ಪ ಹೊತ್ತು ಆ ಕುರ್ಚಿಯ ಬೆನ್ನು ಹಿಡಿದು ನಿಂತಳು.

“ಆಯಮ್ಮ ಹೇಳಿದ್ದು ನಿಜಾನಾ? ಈ ಕುರ್ಚಿ ನೋಡ್ತಾ ಕೂತಿರ್ತಿದ್ರಂತೆ?”

“ಹೂಂ.”

“ಇಪ್ಪತ್ತೆರಡು ವರ್ಷ ನಿಮ್ಮ ಎದುರಿಗೇ ಕೂತಿದ್ದೆ ರೀ. ಪೇಪರ್‌ನ ಈ ಕಡೆ. ನೀವು ಮುಂದಿನ ಪುಟ ಓದೋವಾಗ ಹಿಂದಿನ ಪುಟ ಓದಿ ಓದಿ ನಂಗೆ ಐಸ್-ಹಾಕಿ ಮ್ಯಾಚುಗಳ ಸ್ಕೋರೆಲ್ಲ ಬಾಯಿಪಾಠ ಆಗಿತ್ತು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. “ಮಗು ಹುಟ್ಟಿದ ಮೇಲೆ ಬನ್ನಿ ನೋಡೋಕೆ,” ಎಂದಳು. ಅಸುಂತಮ್ಮ ಕಟ್ಟಿಕೊಟ್ಟ ಪೊಟ್ಟಣವನ್ನು ತಾನೇ ಕೈನೀಡಿ ತೆಗೆದುಕೊಂಡು, ಅವರ ಕೆನ್ನೆಗೆ ಕೆನ್ನೆ ತಾಗಿಸಿ, ಹೊರಟುಹೋದಳು. ಕಿಟಕಿಯಿಂದ ನೋಡಿದೆ. ಬೀದಿಯ ಆ ತುದಿಯಲ್ಲಿ ಕಾರು ಹತ್ತಿ, ದೀಪ ಹಾಕಿ, ಎಡಕ್ಕೆ ತಿರುಗಿದಳು.

ಮುಂದಿನ ಗುರುವಾರ ಹೋಗಬಾರದೆಂದುಕೊಂಡು ಕಾರ್ಖಾನೆಯಿಂದ ಹೊರಟವನು ಅಲ್ಲಿಗೇ ಹೋದೆ. ಕೈಯಲ್ಲಿ ಏನೂ ಇರಲಿಲ್ಲ. ಅಸುಂತಮ್ಮ ಮುಖ ಅರಳಿಸಿಕೊಂಡು ಕಿಟಕಿಯ ಮೇಜಿಗೆ ಎರಡು ತಟ್ಟೆ ಇಟ್ಟು, ಎರಡು ಗ್ಲಾಸು ಇಟ್ಟು, ಬಾಗಿಲ ಕಡೆ ನೋಡಿದರು.

“ಪಾರ್ಕಿಂಗ್ ಹುಡುಕುತ್ತಿದ್ದಾರಾ? ಬರುತ್ತಾರಲ್ಲವೇ?”

ಬರುವುದಿಲ್ಲ ಎಂದೆ. ಎರಡು ವರ್ಷ, ಪ್ರತಿ ಗುರುವಾರ, ಅದೇ ಮೇಜಿನಲ್ಲಿ ಕೂತು ಆ ಮಾತನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳಿದವನು ನಾನು. ಅವತ್ತು ಅದನ್ನು ಎರಡು ಸಲ ಹೇಳಬೇಕಾಯಿತು. ಮೊದಲನೆಯ ಸಲ ಹೇಳಿದ್ದು ಅಸುಂತಮ್ಮನಿಗೆ ಕೇಳಿಸಲಿಲ್ಲ.